ಸ್ಕೇಟಿಂಗ್ ಕಲಿಯುವ ಮಕ್ಕಳ ಎಡಗಾಲನ್ನೂ ಸ್ವಲ್ಪ ನೋಡಿ

ಹೋದ ತಿಂಗಳು ಮಗಳ ಸ್ಕೇಟ್ ವೀಲ್‌ಗಳನ್ನು ಬಿಚ್ಚಿ ಒರೆಸುತ್ತಾ ಕೂತಿದ್ದೆ. ಬಲಗಾಲಿನ ವೀಲ್‌ಗಳ ಒಳಬದಿ ಸವೆದು ಓರೆಯಾಗಿತ್ತು. ಎಡಗಾಲಿನ ವೀಲ್‌ಗಳ ಹೊರಬದಿ ಮಾತ್ರ ಅಂಗಡಿಯಿಂದ ತಂದ ಹಾಗೇ ಇತ್ತು. ಅನುಮಾನ ಬಂದಿದ್ದೇ ಅಲ್ಲಿ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಐಸ್ ಮೇಲಾಗಲಿ, ನಮ್ಮ ರೋಲರ್ ಸ್ಕೇಟಿಂಗ್ ಟ್ರ್ಯಾಕಲ್ಲಾಗಲಿ, ರೇಸ್ ನಡೆಯೋದು ಗಡಿಯಾರದ ಮುಳ್ಳಿನ ಉಲ್ಟಾ ದಿಕ್ಕಿನಲ್ಲಿ. ಅಂದರೆ ತಿರುವೆಲ್ಲ ಎಡಕ್ಕೇ. ತಿರುವಲ್ಲಿ ಮೈ ಎಡಕ್ಕೆ ವಾಲುತ್ತದೆ, ಬಲಗಾಲು ಎಡಗಾಲನ್ನು ದಾಟಿ ಬೀಳುತ್ತದೆ, ಅಷ್ಟರಲ್ಲಿ ಎಡಗಾಲು ಮೈ ಕೆಳಗಿನಿಂದ ಬಲಕ್ಕೆ, ವೀಲಿನ ಹೊರ ಅಂಚಿನ ಮೇಲೆ ಜೋರಾಗಿ ಒತ್ತಬೇಕು. ಇದೇ ಕ್ರಾಸ್ ಓವರ್. 15 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಹೊಕ್ಕರೆ 60 ಕೆಜಿ ಇರುವವರಿಗೆ 72 ಕೆಜಿಯಷ್ಟು ಭಾರ ಬೀಳುತ್ತದೆ, ಅದೂ ಹೆಚ್ಚಾಗಿ ಒಂದೇ ಕಾಲಿನ ಮೇಲೆ, ಮಂಡಿ ಬಗ್ಗಿಸಿಕೊಂಡು.

ತುಂಬಾ ಮಕ್ಕಳು ಬಲಗಾಲನ್ನು ದಾಟಿಸುತ್ತಾರೆ, ಎಡಗಾಲಿಂದ ಒತ್ತೋದೇ ಇಲ್ಲ. ನೋಡೋಕೆ ಕ್ರಾಸ್ ಓವರ್ ಥರಾನೇ ಇರುತ್ತೆ. ನನ್ನ ಮಗಳದ್ದೂ ಅದೇ ಕಥೆ, ವೀಲ್ ಹೇಳಿದ್ದೂ ಅದನ್ನೇ.

ಊಟದ ಮನೆಯ ಕುರ್ಚಿ ಮೇಲೆ ಕೂರಿಸಿ, ಕೈ ಊರದೆ ಒಂದೇ ಕಾಲಲ್ಲಿ ಎದ್ದು ಕೂತು ಮಾಡು ಅಂದೆ. ಬಲಗಾಲಲ್ಲಿ ಒಂಬತ್ತು ಸಲ ಎದ್ದಳು. ಎಡಗಾಲಲ್ಲಿ ನಾಲ್ಕಕ್ಕೇ ಮಂಡಿ ಒಳಗೆ ವಾಲಿ ನಡುಗೋಕೆ ಶುರುವಾಯಿತು. "ಅಪ್ಪಾ, ಈ ಕಾಲು ನಂದಲ್ಲ ಅನ್ನಿಸ್ತಿದೆ" ಅಂದಳು. ಕರುಳು ಚುರುಕ್ ಅಂತು. ಮೂರು ವರ್ಷದಿಂದ ಕ್ಲಾಸಿಗೆ ಹೋಗುತ್ತಿದ್ದಾಳೆ, ಎರಡು ಕಾಲನ್ನೂ ಬೇರೆ ಬೇರೆಯಾಗಿ ಯಾರೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಟೈಮಿಂಗ್ ಬರುತ್ತಿಲ್ಲ ಅಂದಾಗೆಲ್ಲ ಬಂದ ಉತ್ತರ ಒಂದೇ, ಇನ್ನೂ ಹತ್ತು ಲ್ಯಾಪ್ ಹಾಕಿಸಿ.

ಎರಡೂ ಕಾಲಲ್ಲಿ ಬಸ್ಕಿ ಹೊಡೆಸಿದರೆ ಇದು ಗೊತ್ತಾಗಲ್ಲ. ಗಟ್ಟಿ ಕಾಲು ಸದ್ದಿಲ್ಲದೆ ಜಾಸ್ತಿ ಭಾರ ಹೊತ್ತುಬಿಡುತ್ತದೆ. ಎರಡು ಕಾಲಿಗೂ ಸ್ವಲ್ಪ ವ್ಯತ್ಯಾಸ ಎಲ್ಲರಿಗೂ ಇರುತ್ತೆ, ಇದ್ದ ಮಾತ್ರಕ್ಕೆ ಪೆಟ್ಟಾಗುತ್ತೆ ಅಂತಲ್ಲ, ಸುಮ್ನೆ ಹೆದರಬೇಡಿ. ಆದರೆ ಮಂಡಿ ಆಪರೇಷನ್ ಆದ ಆಟಗಾರರಿಗೇ, ಆ ಕಾಲು ಇನ್ನೊಂದರ ಶೇಕಡಾ 90ರಷ್ಟಾದರೂ ಬರಲಿ, ಆಮೇಲೆ ಆಟ ಅನ್ನುತ್ತಾರೆ ಫಿಸಿಯೋಗಳು. ಒಂಬತ್ತಕ್ಕೆ ನಾಲ್ಕು ಅಂದರೆ ಅರ್ಧವೂ ಇಲ್ಲ ಅಲ್ವಾ?

ಈಗ ಮನೆಯಲ್ಲಿ ಕುರ್ಚಿಯಿಂದ ಏಳುವಾಗ ಎಡಗಾಲಿನದೇ ಮೊದಲ ಸರದಿ. ಅದು ಎಷ್ಟು ಮಾಡುತ್ತೋ ಬಲಗಾಲಿಗೂ ಅಷ್ಟೇ. ಹಲ್ಲುಜ್ಜುವಾಗ ಒಂಟಿಕಾಲಲ್ಲಿ ನಿಲ್ಲುತ್ತಾಳೆ. ಸ್ಕೇಟ್ ಹಾಕಿಕೊಂಡು ಎಡಗಾಲೊಂದರ ಮೇಲೇ ಎಷ್ಟು ದೂರ ಜಾರುತ್ತಾಳೆ ಅಂತ ನೆಲದ ಮೇಲೆ ಚಾಕ್ ಗುರುತು ಹಾಕುತ್ತೇನೆ. ಹೋದ ವಾರ ಕುರ್ಚಿಯಿಂದ ಏಳುವ ಎಡಗಾಲಿನ ಲೆಕ್ಕ ನಾಲ್ಕರಿಂದ ಆರಕ್ಕೆ ಬಂತು.

2025ರಲ್ಲಿ ನಮ್ಮ ದೇಶದ ಸ್ಪೀಡ್ ಸ್ಕೇಟರ್ ಆನಂದಕುಮಾರ್ ವೇಲ್‌ಕುಮಾರ್ ಚೀನಾದ ಬೈದೈಹೆಯಲ್ಲಿ ವಿಶ್ವ ಚಾಂಪಿಯನ್ ಆದಾಗ ನಮ್ಮ ರಿಂಕಿನ ಮಕ್ಕಳೆಲ್ಲ ಕುಣಿದಾಡಿದ್ದರು. ಅವರಲ್ಲಿ ಎಷ್ಟು ಜನ ಬರೀ ಬಲಗಾಲಿನ ಬಲದ ಮೇಲೆ ತಿರುಗುತ್ತಿದ್ದಾರೋ. ಕೋಚ್‌ಗಳೇ, ನಿಮ್ಮಲ್ಲಿ ಒಂದು ಕೋರಿಕೆ. ವಾರಕ್ಕೆ ಒಂದು ದಿನ ಮೊದಲ ಹತ್ತು ನಿಮಿಷ ಎಲ್ಲರನ್ನೂ ಒಟ್ಟಿಗೆ ರೇಸಿನ ಉಲ್ಟಾ, ಅಂದರೆ ಬಲಕ್ಕೆ ತಿರುಗುವ ಸುತ್ತು ಹಾಕಿಸಿ. ಒಬ್ಬರೇ ಉಲ್ಟಾ ಹೋದರೆ ಡಿಕ್ಕಿ ಗ್ಯಾರಂಟಿ, ಅದಕ್ಕೇ ನಾನೊಬ್ಬ ಮಾಡಿಸೋಕೆ ಆಗಲ್ಲ.