ಲೋಗೊ ನಮ್ಮದು, ಖರ್ಚು ನಿಮ್ಮದು

ಸಂಜೆ ಮನೆಗೆ ಬಂದು ಟಿವಿ ಹಾಕಿ ನೋಡಿ. ನಿನ್ನೆ ರಾತ್ರಿ ನೀವು ಧಾರಾವಾಹಿ ನೋಡುತ್ತಾ ಆಫ್ ಮಾಡಿರುತ್ತೀರಿ. ಆದರೆ ಎಷ್ಟೋ ಮನೆಗಳಲ್ಲಿ ಸೆಟ್‌ಟಾಪ್ ಬಾಕ್ಸ್ ಆನ್ ಆದ ಕೂಡಲೇ ಎದುರಿಗೆ ಬರೋದು ಒಂದು ನ್ಯೂಸ್ ಚಾನೆಲ್. ನೀವು ಕೇಳಿಲ್ಲ, ನಂಬರ್ ಒತ್ತಿಲ್ಲ. ಆದರೂ ಕೋಟು ಹಾಕಿಕೊಂಡ ಒಬ್ಬರು ನಿಮ್ಮ ಹಾಲ್‌ನೊಳಗೆ ನಿಂತು ಕೂಗುತ್ತಿರುತ್ತಾರೆ. ಸೋಫಾ ಸಂದಿಯಲ್ಲಿ ಸಿಕ್ಕಿಕೊಂಡ ರಿಮೋಟ್ ಹುಡುಕಿ ತೆಗೆದು, ಅದು ಕೆಲಸ ಮಾಡದಿದ್ದರೆ ಬೆನ್ನಿಗೆ ಎರಡು ಏಟು ಕೊಟ್ಟು, ಬೇರೆ ಚಾನೆಲ್‌ಗೆ ಹೋಗುವಷ್ಟರಲ್ಲಿ ಒಂದು ನಿಮಿಷ ಕಳೆದಿರುತ್ತೆ. ಅಭಿನಂದನೆಗಳು. ಆ ಒಂದು ನಿಮಿಷ ನೀವು ಆ ಚಾನೆಲ್‌ನ ವೀಕ್ಷಕ ಪ್ರಭುಗಳಾಗಿದ್ದಿರಿ.

ಇದಕ್ಕೆ ಆ ಧಂದೆಯಲ್ಲಿ ಲ್ಯಾಂಡಿಂಗ್ ಪೇಜ್ ಅಂತಾರೆ. ಬಾಕ್ಸ್ ಆನ್ ಮಾಡಿದಾಗ ಮೊದಲು ಕಾಣುವ ಆ ಜಾಗವನ್ನು ಕೇಬಲ್ ಕಂಪನಿಗಳು ಬಾಡಿಗೆಗೆ ಕೊಡುತ್ತವೆ. ದುಡ್ಡಿದ್ದ ಚಾನೆಲ್ ಹಿಡಿಯುತ್ತೆ. ಸುದ್ದಿ ಚೆನ್ನಾಗಿ ಮಾಡಿ ಜನರನ್ನು ಕರೆಯೋದು ಕಷ್ಟದ ದಾರಿ, ವರ್ಷಗಟ್ಟಲೆ ಬೇಕು. ಬಾಗಿಲಲ್ಲೇ ಅಡ್ಡ ನಿಂತರೆ ಜನ ಹೇಗಿದ್ದರೂ ಡಿಕ್ಕಿ ಹೊಡೆಯಲೇಬೇಕು. ಆ ಡಿಕ್ಕಿಗೆ ಜನಪ್ರಿಯತೆ ಅಂತ ಹೆಸರು. 2018ರ ಡಿಸೆಂಬರ್‌ನಲ್ಲಿ ಟೆಲಿಕಾಂ, ಕೇಬಲ್‌ಗೆಲ್ಲ ನಿಯಮ ಮಾಡುವ ಟ್ರಾಯ್‌ನವರು ರೇಟಿಂಗ್ ಲೆಕ್ಕದಲ್ಲಿರುವ ಚಾನೆಲ್‌ಗಳನ್ನು ಆ ಜಾಗದಲ್ಲಿ ಇಡಬೇಡಿ ಅಂದರು. 2019ರಲ್ಲಿ ಇಂಥ ವ್ಯಾಜ್ಯ ನೋಡುವ ನ್ಯಾಯಮಂಡಳಿ ಟಿಡಿಸ್ಯಾಟ್ ಆ ಆದೇಶವನ್ನೇ ರದ್ದು ಮಾಡಿತು. ಟ್ರಾಯ್ ಸುಪ್ರೀಂ ಕೋರ್ಟ್‌ಗೆ ಹೋಯಿತು. ಕೊನೆಗೆ 2025ರ ನವೆಂಬರ್‌ನಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಒಂದು ಕರಡು ಹೊರಡಿಸಿ, ಹೀಗೆ ಡಿಕ್ಕಿ ಹೊಡೆದವರನ್ನು ವೀಕ್ಷಕರು ಅಂತ ಲೆಕ್ಕ ಹಾಕಬಾರದು ಅಂತ ಬರೆಯಿತು. ನಾವು ರಿಮೋಟ್ ಹುಡುಕುತ್ತಿದ್ದೇವೋ ಸುದ್ದಿ ನೋಡುತ್ತಿದ್ದೇವೋ ಅಂತ ತೀರ್ಮಾನ ಮಾಡೋಕೆ ಈ ದೇಶಕ್ಕೆ ಇಷ್ಟು ವರ್ಷ ಹಿಡಿಯಿತು.

ಯಾವ ಚಾನೆಲನ್ನು ಎಷ್ಟು ಜನ ನೋಡಿದರು ಅಂತ ಲೆಕ್ಕ ಹಾಕಿ ರೇಟಿಂಗ್ ಕೊಡುವವರು ಬಾರ್ಕ್ ಅನ್ನೋ ಸಂಸ್ಥೆ. ಅವರ 2020ರ ಅಂದಾಜಿನಲ್ಲಿ ದೇಶದಲ್ಲಿ ಟಿವಿ ಇರುವ ಮನೆಗಳು ಸುಮಾರು 21 ಕೋಟಿ. ನೋಡುವುದನ್ನು ಅಳೆಯೋಕೆ ಮೀಟರ್ ಇಟ್ಟ ಮನೆಗಳು ಅದಾಗಿ ಕೆಲವು ವರ್ಷದ ಮೇಲೂ ಸುಮಾರು 55 ಸಾವಿರ. ಅಂದರೆ ಮೀಟರ್ ಇರುವ ಒಂದು ಮನೆ ಹತ್ತಿರ ಹತ್ತಿರ ನಾಲ್ಕು ಸಾವಿರ ಮನೆಗಳ ಪರವಾಗಿ ಟಿವಿ ನೋಡುತ್ತೆ. ಆ ಮನೆಯ ಒಬ್ಬೊಬ್ಬರಿಗೂ ಒಂದೊಂದು ಬಟನ್. ಟಿವಿ ಮುಂದೆ ಕೂತಾಗ ಒತ್ತಬೇಕು, ಎದ್ದು ಹೋಗುವಾಗ ಮತ್ತೆ ಒತ್ತಬೇಕು. ಅಲ್ಲೊಬ್ಬ ಅಜ್ಜಿ ಒಲೆ ಮೇಲಿನ ಹಾಲು ನೆನಪಾಗಿ ಬಟನ್ ಒತ್ತದೆ ಎದ್ದುಹೋದರೆ, ನಾಲ್ಕು ಸಾವಿರ ಅಜ್ಜಿಯರು ರಾತ್ರಿ ಹನ್ನೊಂದರವರೆಗೆ ಡಿಬೇಟ್ ನೋಡಿದ ಹಾಗೆ.

ಇನ್ನೊಂದು ವಿಷಯ. ಈ ಮೀಟರ್‌ಗೆ ಕಣ್ಣಿಲ್ಲ, ಕಿವಿ ಮಾತ್ರ. ಪ್ರತಿ ಚಾನೆಲ್‌ನ ಧ್ವನಿಯೊಳಗೆ ನಮಗೆ ಕೇಳಿಸದ ಒಂದು ಗುರುತು ಸೇರಿಸಿರುತ್ತಾರೆ, ಮೀಟರ್ ಅದನ್ನು ಕೇಳಿಸಿಕೊಂಡು ಯಾವ ಚಾನೆಲ್ ಅಂತ ಹೇಳುತ್ತೆ. ಇದನ್ನು ತಿಳಿದ ಮೇಲೆ ನನಗೆ ಬಹಳ ದಿನದ ಒಂದು ಅನುಮಾನ ಬಗೆಹರಿಯಿತು. ಮೀಟರ್‌ಗೆ ಕಿವಿ ಸ್ವಲ್ಪ ಮಂದ ಅಂತ ಯಾರೋ ನಮ್ಮ ಆ್ಯಂಕರ್‌ಗಳ ತಲೆಗೆ ತುಂಬಿದ್ದಾರೆ. ಇಲ್ಲದಿದ್ದರೆ ಟೊಮೆಟೊ ರೇಟು ಕೆ.ಜಿ.ಗೆ ಐದು ರೂಪಾಯಿ ಇಳಿದಿದ್ದನ್ನು ಹೇಳೋಕೆ ಅಷ್ಟು ಗಂಟಲು ಬೇಕಾ?

ಗುರುವಾರ ರೇಟಿಂಗ್ ಬರುತ್ತೆ. ಆ ದಿನ ನ್ಯೂಸ್‌ರೂಮ್‌ಗಳಲ್ಲಿ ಪರೀಕ್ಷೆ ಫಲಿತಾಂಶದ ದಿನದ ಕಳೆ. ಆದರೆ ಇಲ್ಲಿ ಯಾರೂ ಫೇಲ್ ಆಗೋದಿಲ್ಲ, ಅದೇ ಚಂದ. ಒಬ್ಬರು ಒಟ್ಟಾರೆ ನಂಬರ್ ಒನ್. ಇನ್ನೊಬ್ಬರು ಬೆಳಗ್ಗೆ ಹೊತ್ತಿನಲ್ಲಿ ನಂಬರ್ ಒನ್. ಮತ್ತೊಬ್ಬರು ನಗರ ಪ್ರದೇಶದಲ್ಲಿ, ಇಂಥ ವಯಸ್ಸು ದಾಟಿದ ಗಂಡಸರಲ್ಲಿ, ಶನಿವಾರ ಬಿಟ್ಟು ನಂಬರ್ ಒನ್. ಷರತ್ತುಗಳನ್ನೆಲ್ಲ ಕೆಳಗೆ ಇರುವೆ ಸಾಲಿನ ಹಾಗೆ ಸಣ್ಣಕ್ಷರದಲ್ಲಿ ಹಾಕಿ, ಮೇಲೆ ದೊಡ್ಡದಾಗಿ 1 ಅಂತ ಬರೆದು ಕೇಕ್ ಕತ್ತರಿಸುತ್ತಾರೆ. ಬೇಕರಿಯವರಿಗೆ ಮಾತ್ರ ಒಳ್ಳೆ ವ್ಯಾಪಾರ.

2020ರ ಅಕ್ಟೋಬರ್‌ನಲ್ಲಿ ದುಡ್ಡು ಕೊಟ್ಟು ಮೀಟರ್ ಮನೆಗಳಲ್ಲಿ ಚಾನೆಲ್ ಹಾಕಿಸುತ್ತಾರೆ ಅಂತ ಮುಂಬೈ ಪೊಲೀಸರು ಆರೋಪ ಮಾಡಿದರಲ್ಲ, ಆಗ ನ್ಯೂಸ್ ಚಾನೆಲ್‌ಗಳ ರೇಟಿಂಗನ್ನೇ ನಿಲ್ಲಿಸಿಬಿಟ್ಟರು. 2022ರ ಮಾರ್ಚ್‌ವರೆಗೆ ನಂಬರೇ ಇಲ್ಲ. ಒಂದೂವರೆ ವರ್ಷದ ಹತ್ತಿರ. ಯಾರೂ ಅಳೆಯುತ್ತಿಲ್ಲ, ಓಟ ಇಲ್ಲ, ಇನ್ನಾದರೂ ಸ್ವಲ್ಪ ಕೂತು, ನೀರು ಕುಡಿದು, ನಿಧಾನಕ್ಕೆ ಸುದ್ದಿ ಹೇಳಬಹುದಿತ್ತು ಅಲ್ವಾ? ಒಬ್ಬರೂ ವಾಲ್ಯೂಮ್ ಕಡಿಮೆ ಮಾಡಲಿಲ್ಲ. ಅಭ್ಯಾಸಬಲ. ಮತ್ತೆ ಶುರು ಮಾಡಿದಾಗ ನಾಲ್ಕು ವಾರದ ಸರಾಸರಿ ಕೊಡುತ್ತೇವೆ ಅಂದರು, ಒಂದು ವಾರದ ಕೂಗಾಟಕ್ಕೆ ಬಹುಮಾನ ಬೇಡ ಅಂತ. ನಮ್ಮವರು ಅರ್ಥ ಮಾಡಿಕೊಂಡಿದ್ದು, ನಾಲ್ಕೂ ವಾರ ಬಿಡುವಿಲ್ಲದೆ ಕೂಗಬೇಕು ಅಂತ.

ಇಷ್ಟಕ್ಕೂ ಚಾನೆಲ್ ಹೊಟ್ಟೆಪಾಡು ಹೇಗೆ? ಕನ್ನಡದ ನ್ಯೂಸ್ ಚಾನೆಲ್‌ಗಳು ಬಹುಪಾಲು ಉಚಿತ. 2019ರ ಫೆಬ್ರುವರಿಯಲ್ಲಿ ಹೊಸ ದರ ಬಂದಾಗ ನೂರು ಚಾನೆಲ್‌ಗೆ 130 ರೂಪಾಯಿ, ಜಿಎಸ್‌ಟಿ ಸೇರಿ 153 ಅಂತ ಕೇಬಲ್‌ನವನು ಮನೆಮನೆಗೆ ಬಂದು ಹೇಳಿಹೋದ. ಆ ದುಡ್ಡಿನಲ್ಲಿ ಉಚಿತ ನ್ಯೂಸ್ ಚಾನೆಲ್‌ಗೆ ಒಂದು ಪೈಸೆ ಇಲ್ಲ. ಬದಲಿಗೆ ತಮ್ಮನ್ನು ತೋರಿಸಿ ಅಂತ ಚಾನೆಲ್‌ಗಳೇ ಕೇಬಲ್ ಕಂಪನಿಗೆ ಕ್ಯಾರೇಜ್ ಫೀ ಕಟ್ಟುತ್ತವೆ. ಮದುವೆ ದಲ್ಲಾಳಿ ಗಂಡಿನ ಕಡೆಯಿಂದಲೂ ತಗೊಂಡ, ಹೆಣ್ಣಿನ ಕಡೆಯಿಂದಲೂ ತಗೊಂಡ. ಇನ್ನುಳಿದದ್ದು ಜಾಹೀರಾತು. ನಿಯಮದ ಪ್ರಕಾರ ಗಂಟೆಗೆ 12 ನಿಮಿಷ. ಅದಕ್ಕೂ ಉಪಾಯ ಇದೆ. ಬ್ರೇಕ್ ತಗೊಳ್ಳದೆ ಸುದ್ದಿಯನ್ನೇ ಒಂದು ಮೂಲೆಗೆ ಒತ್ತರಿಸಿ, ಎಡಕ್ಕೂ ಕೆಳಕ್ಕೂ ಎಲ್ ಆಕಾರದಲ್ಲಿ ಸಿಮೆಂಟು, ಚಿನ್ನದ ಸಾಲ, ಮಂಡಿನೋವಿನ ಎಣ್ಣೆ ಹಾಕೋದು. ಪ್ರವಾಹದ ನೀರು ಎಷ್ಟು ಏರಿದೆ ಅಂತ ನೋಡಬೇಕಾದರೆ ಎಣ್ಣೆ ಬಾಟಲಿಯ ಪಕ್ಕದಿಂದ ಇಣುಕಬೇಕು.

ಬೆಳಗಿನ ಹೊತ್ತು ಜ್ಯೋತಿಷಿಗಳಿಗೆ ಮೀಸಲು. ಮಧ್ಯಾಹ್ನ ವೈದ್ಯರು. ಇಬ್ಬರಲ್ಲಿ ಯಾರು ದುಡ್ಡು ಕೊಟ್ಟು ಕೂತಿದ್ದಾರೆ ಅಂತ ಕೆಳಗೆ ಓಡುವ ಫೋನ್ ನಂಬರ್ ನೋಡಿದರೆ ಗೊತ್ತಾಗುತ್ತೆ. ಆಮೇಲೆ ಈ ಸಾಧಕರ ಪ್ರಶಸ್ತಿ. ಫೈವ್ ಸ್ಟಾರ್ ಹೋಟೆಲ್, ಒಬ್ಬರು ಮಂತ್ರಿ, ಒಬ್ಬರು ನಟಿ, ಮತ್ತೆ ಸೈಟು ಮಾರುವವರು, ಖಾಸಗಿ ಕಾಲೇಜಿನವರು, ಆಸ್ಪತ್ರೆಯವರು ಸಾಲಾಗಿ. ಇವರೆಲ್ಲ ಏನು ಸಾಧಿಸಿದರು ಅಂತ ಕೇಳಬೇಡಿ, ಪ್ರಾಯೋಜಕರ ಪಟ್ಟಿ ಮತ್ತು ಪುರಸ್ಕೃತರ ಪಟ್ಟಿ ಅಕ್ಕಪಕ್ಕ ಇಟ್ಟು ನೋಡಿ ಸಾಕು.

ಆದರೂ ನಷ್ಟ. 2006ರ ಕೊನೆಗೆ ಟಿವಿ9 ಬಂದ ಮೇಲೆ ಎಷ್ಟು ಜನ ಈ ಸಂತೆಗೆ ಅಂಗಡಿ ಹಾಕೋಕೆ ಬಂದರು! ಕಸ್ತೂರಿ ತಂದಿದ್ದು ಕುಮಾರಸ್ವಾಮಿ ಕುಟುಂಬ, ಜನಶ್ರೀ ಬಂದಾಗ ಬಳ್ಳಾರಿಯ ರೆಡ್ಡಿ ಬಳಗದ ಹೆಸರು ಕೇಳಿಬಂತು, ದಿಗ್ವಿಜಯ ತಂದಿದ್ದು ಲಾರಿ-ಬಸ್ಸಿನ ಸಂಕೇಶ್ವರರು. ಇಷ್ಟೆಲ್ಲ ಹೊಸಬರ ಮಧ್ಯೆ ಹಳೇ ಉದಯ ನ್ಯೂಸ್ 2017ರಲ್ಲಿ ಬಾಗಿಲು ಹಾಕಿತು. ಅದು ಬೇರೆಯವರ ಹಾಗೆ ಕಿರುಚುತ್ತಿರಲಿಲ್ಲ ಅನ್ನೋದು ನನ್ನ ನೆನಪು. ಮುಚ್ಚಿದ್ದಕ್ಕೂ ಕಿರುಚದೇ ಇದ್ದಿದ್ದಕ್ಕೂ ಸಂಬಂಧ ಇದೆಯೋ ಇಲ್ಲವೋ, ಉಳಿದವರಂತೂ ಇದೆ ಅಂತಲೇ ನಂಬಿಕೊಂಡ ಹಾಗಿದೆ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ವ್ಯಾಪಾರಕ್ಕೆ ಬರೋಣ. ಲೋಗೊ. ಮೈಕಿನ ಕತ್ತಿಗೆ ಸಿಕ್ಕಿಸುವ ಚೌಕದ ಡಬ್ಬಿ, ನಾಲ್ಕೂ ಕಡೆ ಚಾನೆಲ್ ಹೆಸರು. ಜಿಲ್ಲಾ ಕೇಂದ್ರಗಳಲ್ಲಿ ಸಂಬಳದ ವರದಿಗಾರರು ಇದ್ದರೆ ಇದ್ದರು. ತಾಲೂಕಿನಲ್ಲಿ ಇರುವವರು ಸ್ಟ್ರಿಂಗರ್‌ಗಳು. ಸುದ್ದಿಗೆ ಇಷ್ಟು ಅಂತ ಕೊಡುತ್ತಾರೆ ಅನ್ನೋದು ಕಾಗದದ ಮೇಲಿನ ಮಾತು. ಕೆಲವು ಸಣ್ಣಪುಟ್ಟ ಚಾನೆಲ್‌ಗಳಂತೂ ಇದನ್ನು ಪೂರ್ತಿ ಉಲ್ಟಾ ಮಾಡಿಕೊಂಡಿವೆ. ವರದಿಗಾರನೇ ಡೆಪಾಸಿಟ್ ಕಟ್ಟಿ ಲೋಗೊ ತಗೋಬೇಕು, ವರ್ಷಕ್ಕೆ ಇಷ್ಟು ಜಾಹೀರಾತು ತರಬೇಕು. ಫೋನ್ ಅವನದು, ಟ್ರೈಪಾಡ್ ಅವನದು, ಬೈಕು ಅವನದು, ಪೆಟ್ರೋಲ್ ಅವನದು. ಅನಾಹುತ ಆದರೆ ಆಸ್ಪತ್ರೆ ಬಿಲ್ಲೂ ಅವನದೇ. ಕೂಲಿ ಮಾಡೋಕೆ ಬಂದವನಿಂದ ಗುದ್ದಲಿಗೆ ಬಾಡಿಗೆ ತಗೊಳ್ಳುವ ಧೈರ್ಯ ಬೇರೆ ಯಾವ ಉದ್ಯಮಕ್ಕಿದೆ ಹೇಳಿ.

ಪ್ರವಾಸಿ ಮಂದಿರದಲ್ಲಿ ಮಂತ್ರಿಗಳ ಪ್ರೆಸ್‌ಮೀಟ್ ಆದಾಗ ಮೇಜು ನೋಡಿ. ಮಂತ್ರಿಗಳ ಗಲ್ಲದವರೆಗೂ ಲೋಗೊ ರಾಶಿ. ಕೆಲವು ಲೋಗೊ ಒಳಗೆ ಮೈಕೇ ಇಲ್ಲ. ಒಬ್ಬನ ಕೈಯಲ್ಲಿ ಮೂರು ಲೋಗೊ, ಒಂದು ಅವನದು, ಎರಡು ಮದುವೆಗೆ ಹೋಗಿರುವ ಗೆಳೆಯರದು. ಹಿಂದೆ ಎರಡೋ ಮೂರೋ ಫೋನ್ ರೆಕಾರ್ಡ್ ಮಾಡುತ್ತಿರುತ್ತವೆ. ಸಂಜೆ ಒಂದೇ ವಿಡಿಯೊ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರಿಗೂ ಹಂಚಿಕೆ. ರಾತ್ರಿ ಅದೇ ವಿಡಿಯೊ ಪ್ರತಿ ಚಾನೆಲ್‌ನಲ್ಲೂ "ನಮ್ಮಲ್ಲೇ ಮೊದಲು" ಅಂತ ಬರುತ್ತೆ. ಕೋನ ಒಂದೇ, ಹಿಂದೆ ಕೆಮ್ಮಿದ ಪಿಡಬ್ಲ್ಯುಡಿ ಎಂಜಿನಿಯರ್ ಕೂಡ ಎಲ್ಲದರಲ್ಲೂ ಅದೇ ಜಾಗದಲ್ಲಿ ಕೆಮ್ಮುತ್ತಾರೆ.

ಬೆಂಗಳೂರಿನ ಡೆಸ್ಕಿಗೂ ತಾಲೂಕಿಗೂ ನಡೆಯುವ ಫೋನ್ ಮಾತು ಹೀಗಿರಬೇಕು ಅಂತ ನನ್ನ ಊಹೆ.

"ಸರ್, ಹೊಳಿ ತುಂಬೇತ್ರಿ. ಸೇತುವೆ ಮುಳುಗೇತಿ. ಎರಡು ಊರಿಗೆ ದಾರಿನ ಇಲ್ರಿ."

"ವಿಷುವಲ್ಸ್ ಕಳಿಸು. ಅಂದ ಹಾಗೆ ದಸರಾ ಶುಭಾಶಯ ಆ್ಯಡ್ ಎಷ್ಟಾಯ್ತು?"

"ಸರ್, ಇಲ್ಲೆ ಜನ ಗಂಜಿ ಕೇಂದ್ರದಾಗ ಅದಾರ್ರಿ."

"ಗಂಜಿ ಕೇಂದ್ರ ಯಾರು ನಡೆಸ್ತಿದಾರೆ? ಎಂಎಲ್‌ಎನಾ? ಹಾಗಾದ್ರೆ ಅವರದೇ ಒಂದು ಫುಲ್ ಪ್ಯಾಕೇಜ್ ಮಾತಾಡು. ಮತ್ತೆ ನೋಡಪ್ಪಾ, ನೀರಲ್ಲಿ ಇನ್ನೂ ಸ್ವಲ್ಪ ಒಳಗೆ ಹೋಗಿ ನಿಂತ್ಕೋ. ಮೊಣಕಾಲು ಸಾಲಲ್ಲ, ಸೊಂಟ ಮುಳುಗಬೇಕು."

ಈ ಹುಡುಗ ಮಾರನೇ ದಿನ ಬೆಳಗ್ಗೆ ಎಂಎಲ್‌ಎ ಮನೆ ಕಟ್ಟೆ ಮೇಲೆ ಕೂತು, ಅವರು ಸ್ನಾನ ಮುಗಿಸಿ ಬರುವವರೆಗೆ ಕಾದು, ಶುಭಾಶಯದ ಆ್ಯಡ್ ಕೇಳಬೇಕು. ಮಧ್ಯಾಹ್ನ ಅದೇ ಎಂಎಲ್‌ಎ ಮುಖಕ್ಕೆ ಅದೇ ಲೋಗೊ ಹಿಡಿದು "ಸರ್, ಸೇತುವೆ ಕಾಮಗಾರಿ ಯಾಕೆ ನಿಂತಿದೆ?" ಅಂತ ಕೇಳಬೇಕು. ಕೇಳುತ್ತಾನಾ? ಕೆಲವರು ಕೇಳುತ್ತಾರೆ, ಅಂಥವರನ್ನು ನೋಡಿದ್ದೇನೆ, ಅವರಿಗೆ ಕೈಮುಗಿಯಬೇಕು. ಉಳಿದವರು "ಸರ್, ಸೇತುವೆ ಬಗ್ಗೆ ಎರಡು ಮಾತು" ಅನ್ನುತ್ತಾರೆ. ಎರಡು ಮಾತು ಸಿಗುತ್ತೆ. ಸೇತುವೆ ಸಿಗೋದಿಲ್ಲ. ಇದಕ್ಕೆ ಆ ಹುಡುಗನನ್ನು ಬೈಯೋದು ಸುಲಭ, ಊರಲ್ಲಿ ಎಲ್ಲರೂ ಬೈಯುತ್ತಾರೆ. ಸಂಬಳ ಯಾರು ಕೊಡುತ್ತಾರೆ ಅಂತ ಮಾತ್ರ ಯಾರೂ ಕೇಳೋದಿಲ್ಲ.

ಇಂಥ ಹೊತ್ತಿನಲ್ಲಿ ಖರ್ಚು ಉಳಿಸೋಕೆ ಮಾಲೀಕರು ಏನು ಮಾಡಿದರು? ಸ್ಟುಡಿಯೊಗೆ ಯಂತ್ರ ತಂದರು. 2023ರ ಮಾರ್ಚ್‌ನಲ್ಲಿ ಹಿಂದಿಯ ಆಜ್ ತಕ್ ಸನಾ ಅನ್ನೋ ಎಐ ಆ್ಯಂಕರನ್ನು ಪರಿಚಯ ಮಾಡಿತು. ಜುಲೈಯಲ್ಲಿ ಒಡಿಶಾದ ಓಟಿವಿ ಲೀಸಾಳನ್ನು ತಂದಿತು. ಅದೇ ತಿಂಗಳು ಕನ್ನಡದ ಪವರ್ ಟಿವಿಯಲ್ಲಿ ಸೌಂದರ್ಯ ಬಂದಳು. ಮರುವರ್ಷ ಮೇನಲ್ಲಿ ಸರ್ಕಾರದ ಡಿಡಿ ಕಿಸಾನ್ ಕೂಡ ಕ್ರಿಶ್, ಭೂಮಿ ಅಂತ ಇಬ್ಬರನ್ನು ಕೂರಿಸಿತು. ರೈತರಿಗೆ ಮಳೆ ಸುದ್ದಿ ಹೇಳೋಕೆ ಜನ್ಮದಲ್ಲಿ ಮಳೆಯಲ್ಲಿ ನೆನೆಯದ ಇಬ್ಬರು.

ಸೌಂದರ್ಯ ಬಂದಾಗ ಆ್ಯಂಕರ್‌ಗಳ ಕೆಲಸ ಹೋಗುತ್ತೆ ಅಂತ ಚರ್ಚೆ ಶುರುವಾಯಿತು. ನನಗೆ ಆ ಚಿಂತೆ ಇಲ್ಲ. ಆಕೆ ಪಾಪ ತಣ್ಣಗೆ ಓದುತ್ತಾಳೆ, ಎದುರಿಗಿದ್ದವರ ಮಾತು ಅರ್ಧಕ್ಕೇ ಕತ್ತರಿಸೋದಿಲ್ಲ, ಮೇಜು ಗುದ್ದೋದಿಲ್ಲ. ಈ ಲಕ್ಷಣಗಳನ್ನು ಇಟ್ಟುಕೊಂಡು ಪ್ರೈಮ್ ಟೈಮ್‌ನಲ್ಲಿ ಒಂದು ವಾರ ಬಾಳೋದು ಕಷ್ಟ. ಬೇಕಿದ್ದರೆ ಚಂದನಕ್ಕೆ ಹೋಗಬಹುದು, ಅಲ್ಲಿ ಇವತ್ತಿಗೂ ವಾರ್ತೆ ಓದುತ್ತಾರೆ.

ನನ್ನ ಪ್ರಶ್ನೆ ಬೇರೆ. ಎಸಿ ಸ್ಟುಡಿಯೊದಲ್ಲಿ ಕೂತು ಓದೋಕೆ ಯಂತ್ರ ಬಂತು. ಸೊಂಟದ ನೀರಿನಲ್ಲಿ ನಿಂತು "ನೀವು ನೋಡ್ತಾ ಇರಬಹುದು" ಅನ್ನೋಕೆ ಯಾಕೆ ಯಂತ್ರ ಬರಲಿಲ್ಲ? ಅಪಾಯ ಇರೋದು ಅಲ್ಲಿ ತಾನೇ? ಯಾರೋ ಒಬ್ಬ ಮಾಲೀಕ ಇದನ್ನೂ ಯೋಚನೆ ಮಾಡಿರುತ್ತಾರೆ, ಲೆಕ್ಕದವರನ್ನು ಕರೆಸಿರುತ್ತಾರೆ. ಲೆಕ್ಕದವರು ಕ್ಯಾಲ್ಕುಲೇಟರ್ ಕೂಡ ತೆಗೆದಿರೋದಿಲ್ಲ. ಯಂತ್ರ ಬೇಕಾದರೆ ನಾವು ದುಡ್ಡು ಕೊಡಬೇಕು ಸರ್, ಈ ಹುಡುಗ ತಾನೇ ದುಡ್ಡು ಕೊಟ್ಟು ಬರ್ತಾನೆ.