ಡೊನೊರಾದಲ್ಲಿ ಹುಟ್ಟಿದವರು

ಪೆನ್ಸಿಲ್ವೇನಿಯಾದ ಡೊನೊರಾದಲ್ಲಿ ಈಗ ಐದು ಸಾವಿರ ಜನರೂ ಇಲ್ಲ. ಆದರೂ ‘ಇಲ್ಲಿ ಹುಟ್ಟಿದ ಗಣ್ಯರು’ ಎಂಬ ಪಟ್ಟಿ ತೆಗೆದರೆ ಮಹಾನಗರಗಳೂ ಹೊಟ್ಟೆಕಿಚ್ಚು ಪಡಬೇಕು. ಬೇಸ್‌ಬಾಲ್‌ನ ಸ್ಟ್ಯಾನ್ ಮ್ಯೂಸಿಯಲ್ ಹುಟ್ಟಿದ್ದು ಇಲ್ಲಿ, 1920ರ ನವೆಂಬರ್ 21ರಂದು. ಬೇಸ್‌ಬಾಲ್‌ನ ಇನ್ನೊಬ್ಬ ತಾರೆ ಕೆನ್ ಗ್ರಿಫಿ ಜೂನಿಯರ್ ಹುಟ್ಟಿದ್ದೂ ಇಲ್ಲಿಯೇ, 1969ರ ನವೆಂಬರ್ 21ರಂದು. ಇಬ್ಬರದೂ ಒಂದೇ ಊರು, ಒಂದೇ ತಾರೀಖು. ಜೂನಿಯರ್‌ನ ತಂದೆ ಕೆನ್ ಗ್ರಿಫಿ ಸೀನಿಯರ್ ಕೂಡ ಇದೇ ಊರಿನವರು. ಊರು ತನ್ನನ್ನು ‘ಚಾಂಪಿಯನ್ನರ ತವರು’ ಎಂದು ಕರೆದುಕೊಳ್ಳುತ್ತದೆ. ಆ ಹೆಮ್ಮೆ ಅದಕ್ಕೆ ಸಲ್ಲಬೇಕಾದದ್ದೇ.

ಮ್ಯೂಸಿಯಲ್ ಬಗ್ಗೆ ಸ್ವಲ್ಪ ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಪೋಲೆಂಡ್‌ನಿಂದ ವಲಸೆ ಬಂದ ಕಾರ್ಖಾನೆ ಕಾರ್ಮಿಕನ ಮಗ. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಎಂಬ ಒಂದೇ ತಂಡಕ್ಕೆ 22 ಋತು ಆಡಿದ. 1963ರಲ್ಲಿ ಬ್ಯಾಟು ಕೆಳಗಿಟ್ಟಾಗ ಅವನ ಲೆಕ್ಕದಲ್ಲಿ 3,630 ಹಿಟ್‌ಗಳಿದ್ದವು (ಚೆಂಡು ಹೊಡೆದು ಔಟಾಗದೆ ಬೇಸ್ ಮುಟ್ಟಿದರೆ ಒಂದು ಹಿಟ್). ಅದರಲ್ಲಿ ತವರು ಮೈದಾನದಲ್ಲಿ ಹೊಡೆದವು 1,815, ಹೊರಗೆ ಹೊಡೆದವು 1,815. ಎರಡೂ ಕಡೆ ತೂಕ ಹಾಕಿದಷ್ಟು ಸಮ. ಕ್ರಿಕೆಟ್ ನೋಡುತ್ತಾ ಬೆಳೆದ ನನಗೆ ಬೇಸ್‌ಬಾಲ್ ಒಲಿಯಲು ಕಾಲ ಬೇಕಾಯಿತು. ಈ ಅಂಕಿ ಗೊತ್ತಾದ ದಿನ ಮಾತ್ರ, ಮನೆಯಂಗಳದಲ್ಲೂ ಪರಊರಿನಲ್ಲೂ ಒಂದೇ ಆಗಿ ಆಡಿದ ಆ ಮನುಷ್ಯನ ಮೇಲೆ ಪ್ರೀತಿ ಹುಟ್ಟಿತು. ಇನ್ನು ಗ್ರಿಫಿ ತಂದೆ ಮಗ 1990ರಲ್ಲಿ ಒಂದೇ ತಂಡದಲ್ಲಿ ಆಡಿದರು. ಸೆಪ್ಟೆಂಬರ್ 14ರಂದು ಮೊದಲು ಅಪ್ಪ ಹೋಂ ರನ್ (ನಮ್ಮ ಸಿಕ್ಸರ್‌ನಂಥ ಹೊಡೆತ) ಹೊಡೆದರೆ, ಬೆನ್ನಿಗೇ ಬಂದ ಮಗನೂ ಹೋಂ ರನ್ ಹೊಡೆದ.

ಪಿಟ್ಸ್‌ಬರ್ಗ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ದೂರದೂರದಿಂದ ಕನ್ನಡಿಗರು ಬರುತ್ತಾರೆ. ಅಲ್ಲಿಂದ ಡೊನೊರಾ ಸುಮಾರು ಒಂದು ಗಂಟೆಯ ದಾರಿ. ನಾನು ಹೋದದ್ದು ಮ್ಯೂಸಿಯಲ್ ಹೆಸರಿನ ಸೇತುವೆ ನೋಡಲು. ಮನಾಂಗಹೇಲಾ ನದಿ ಅಲ್ಲಿ ಬಳುಕಿ ತಿರುಗುತ್ತದೆ. ಎರಡೂ ಕಡೆ ಎತ್ತರದ ಗುಡ್ಡ, ಗುಡ್ಡದ ಮೈಗೆ ಅಂಟಿಕೊಂಡ ಮನೆಗಳು, ಕೆಳಗಿನ ಮುಖ್ಯ ಬೀದಿಯಲ್ಲಿ ಬಾಗಿಲು ಹಾಕಿದ ಅಂಗಡಿಗಳು. ಅದೇ ಬೀದಿಯಲ್ಲಿ ಒಂದು ಸಣ್ಣ ಮ್ಯೂಸಿಯಂ ಇದೆ. ‘ಶುದ್ಧ ಗಾಳಿ ಶುರುವಾದದ್ದು ಇಲ್ಲಿ’ ಎಂದು ಅದರ ಮೇಲೆ ಬರೆದಿದೆ. ಹೊಗೆ ಮತ್ತು ಮಂಜು ಬೆರೆತದ್ದಕ್ಕೆ ನಮ್ಮ ಪತ್ರಿಕೆಗಳು ‘ಹೊಂಜು’ ಎನ್ನುತ್ತವಲ್ಲ, ಅದರ ಮ್ಯೂಸಿಯಂ ಅದು.

ಊರಿನ ಹೆಸರಿನಲ್ಲೇ ಮಾಲೀಕರಿದ್ದಾರೆ. ಉಕ್ಕಿನ ಉದ್ಯಮಿ ವಿಲಿಯಂ ಡೊನ್ನರ್ ಮತ್ತು ಬ್ಯಾಂಕರ್ ಆಂಡ್ರ್ಯೂ ಮೆಲನ್ ಅವರ ಪತ್ನಿ ನೋರಾ, ಈ ಎರಡು ಹೆಸರು ಸೇರಿ ಡೊನೊರಾ ಆಯಿತು. ನದಿಯ ದಡದುದ್ದಕ್ಕೂ ಉಕ್ಕು, ತಂತಿ, ಸತುವಿನ ಕಾರ್ಖಾನೆಗಳು. ಸತುವಿನ ಕುಲುಮೆಗಳ ಹೊಗೆಗೆ ಎದುರು ದಡದ ವೆಬ್‌ಸ್ಟರ್‌ನಲ್ಲಿ ಹುಲ್ಲು ಕೂಡ ಹುಟ್ಟುತ್ತಿರಲಿಲ್ಲ. ಹೊಗೆ ಏಳುತ್ತಿದ್ದರೆ ಒಲೆ ಉರಿಯುತ್ತದೆ ಎಂದು ಜನ ಅದನ್ನು ನುಂಗಿಕೊಂಡಿದ್ದರು.

1948ರ ಅಕ್ಟೋಬರ್ ಕೊನೆಯ ವಾರ ಕಣಿವೆಯ ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದಂತೆ ಕೂತುಬಿಟ್ಟಿತು. ಕೆಳಗಿನ ತಣ್ಣನೆಯ ಗಾಳಿ ಮೇಲೇಳಲಿಲ್ಲ, ಅದರಲ್ಲಿ ಬೆರೆತ ವಿಷವೂ ಮೇಲೇಳಲಿಲ್ಲ. ಶುಕ್ರವಾರ ಸಂಜೆ ಹ್ಯಾಲೋವೀನ್ ಮೆರವಣಿಗೆ ನಡೆಯಿತು. ವೇಷ ಹಾಕಿದ ಮಕ್ಕಳು ರಸ್ತೆಯಂಚಿನಲ್ಲಿ ನಿಂತವರಿಗೆ ನೆರಳುಗಳಂತೆ ಕಂಡರು. ಮರುದಿನ ಶಾಲಾ ತಂಡದ ಫುಟ್‌ಬಾಲ್ ಪಂದ್ಯವೂ ಆ ಕಾವಳದಲ್ಲೇ ನಡೆಯಿತು. ಆ ಹೊತ್ತಿಗಾಗಲೇ ಮನೆಗಳಲ್ಲಿ ಜನ ಉಸಿರು ಸಿಗದೆ ಒದ್ದಾಡುತ್ತಿದ್ದರು. ಅಗ್ನಿಶಾಮಕ ದಳದವರು ಆಮ್ಲಜನಕದ ಸಿಲಿಂಡರ್ ಹೊತ್ತು, ಬೇಲಿ, ಗೋಡೆ ತಡವಿಕೊಂಡು ಮನೆ ಮನೆಗೆ ಹೋದರು. ಒಂದು ಮನೆಯಲ್ಲಿ ನಾಲ್ಕು ಉಸಿರು ಕೊಟ್ಟು ಮುಂದಿನ ಮನೆಗೆ ಓಡಬೇಕು. ಭಾನುವಾರ ಸತುವಿನ ಕಾರ್ಖಾನೆಯ ಕುಲುಮೆಗಳನ್ನು ತಗ್ಗಿಸಿದರು, ಮಳೆಯೂ ಬಂತು. ಅಷ್ಟರಲ್ಲಿ 20 ಜನ ಸತ್ತಿದ್ದರು. ಸುಮಾರು 14,000 ಜನರಿದ್ದ ಪ್ರದೇಶದಲ್ಲಿ ಆರು ಸಾವಿರದಷ್ಟು ಮಂದಿ ಕಾಯಿಲೆ ಬಿದ್ದಿದ್ದರು.

ಆ ಹೊಗೆ ಕುಡಿದವರಲ್ಲಿ ಸ್ಟ್ಯಾನ್‌ನ ಅಪ್ಪ ಲುಕಾಶ್ ಮ್ಯೂಸಿಯಲ್ ಕೂಡ ಒಬ್ಬರು. 1948 ಮಗನ ಬಾಳಿನಲ್ಲಿ ಅತ್ಯುತ್ತಮ ವರ್ಷ. ಬ್ಯಾಟಿಂಗ್ ಸರಾಸರಿಯಲ್ಲಿ ಇಡೀ ಲೀಗ್‌ಗೇ ಮೊದಲು, 39 ಹೋಂ ರನ್, ಮೂರನೆಯ ಸಲ ಅತ್ಯಮೂಲ್ಯ ಆಟಗಾರ. ಅದೇ ವರ್ಷದ ಡಿಸೆಂಬರ್‌ನಲ್ಲಿ ಅಪ್ಪ ತೀರಿಕೊಂಡರು. ಮಗನ ಆ ವರ್ಷದ ಒಂದೊಂದು ಹೊಡೆತದ ಲೆಕ್ಕವೂ ಪುಸ್ತಕಗಳಲ್ಲಿದೆ. ಅಪ್ಪ ವರ್ಷಗಟ್ಟಲೆ ಎಳೆದುಕೊಂಡ ಗಾಳಿಯ ಲೆಕ್ಕವನ್ನು ಯಾರೂ ಇಡಲಿಲ್ಲ.

ನನ್ನ ತಕರಾರು ಇರುವುದು ಇಲ್ಲಿಯೇ. ಒಂದು ಊರಿನ ಗಣ್ಯರು ಎಂದಾಗ ನಾವು ಎಣಿಸುವುದು ಊರು ಬಿಟ್ಟು ಹೋಗಿ ಗೆದ್ದವರನ್ನು ಮಾತ್ರ. ಆ ಕಣಿವೆಯಲ್ಲೇ ಉಳಿದು ಸತ್ತ 20 ಜನರಿಂದಾಗಿ ಅಮೆರಿಕ ಗಾಳಿಯ ಬಗ್ಗೆ ಯೋಚಿಸುವುದನ್ನು ಕಲಿಯಿತು. 1955ರ ವಾಯುಮಾಲಿನ್ಯ ಕಾಯ್ದೆ, 1963ರ ಶುದ್ಧ ಗಾಳಿ ಕಾಯ್ದೆ, 1970ರಲ್ಲಿ ಅದಕ್ಕೆ ಬಂದ ಬಲ, ಇವೆಲ್ಲದರ ಹಿಂದೆ ಡೊನೊರಾದ ನೆನಪಿದೆ. ಸತುವಿನ ಕಾರ್ಖಾನೆಯ ಕಂಪನಿ ಮಾತ್ರ ಆ ದುರಂತ ದೈವಕೃತ್ಯ ಎಂದು ವಾದಿಸಿತು. ಕೊನೆಗೆ ತಪ್ಪು ಒಪ್ಪಿಕೊಳ್ಳದೆ, ಒಂದಿಷ್ಟು ಹಣ ಕೊಟ್ಟು ದಾವೆಗಳನ್ನು ಮುಗಿಸಿಕೊಂಡಿತು. ದೇವರು ಸತು ಕರಗಿಸುತ್ತಿರಲಿಲ್ಲ. ಇದನ್ನು ಓದಿದಾಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

1957ರಲ್ಲಿ ಸತುವಿನ ಕಾರ್ಖಾನೆ ಮುಚ್ಚಿತು, ಮುಂದಿನ ದಶಕದಲ್ಲಿ ಉಕ್ಕಿನದೂ ಮುಚ್ಚಿತು. ಕೆಲಸದ ಹಿಂದೆ ಜನರೂ ಹೋದರು. ಊರಿನವರು ಬಹಳ ಕಾಲ ಈ ಮಾತು ಎತ್ತಲು ಹಿಂಜರಿದರು. ಅನ್ನ ಕೊಟ್ಟ ಕುಲುಮೆಯನ್ನು ದೂರುವುದು ಸುಲಭವಲ್ಲ, ಅದು ನನಗೆ ಅರ್ಥವಾಗುತ್ತದೆ. ಹಾಗಿದ್ದೂ 60 ವರ್ಷಗಳ ನಂತರ, 2008ರಲ್ಲಿ, ಚಾಂಪಿಯನ್ನರ ಊರು ತನ್ನ ನೋವಿಗೂ ಒಂದು ಮ್ಯೂಸಿಯಂ ತೆರೆಯಿತಲ್ಲ, ಆ ಎದೆಗಾರಿಕೆಗೆ ಕೈ ಮುಗಿಯುತ್ತೇನೆ.

ವೆಬ್‌ಸ್ಟರ್‌ನ ಗುಡ್ಡ ಈಗ ಹಸಿರಾಗಿದೆ. ಸೇತುವೆಯ ಬಳಿ ಕಾರು ನಿಲ್ಲಿಸಿ ಅದನ್ನೇ ಬಹಳ ಹೊತ್ತು ನೋಡಿದೆ. ಮುಂದಿನ ಸಲ ದೇವಸ್ಥಾನಕ್ಕೆಂದು ಪಿಟ್ಸ್‌ಬರ್ಗ್‌ಗೆ ಬಂದಾಗ ಅರ್ಧ ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಮ್ಯೂಸಿಯಂ ಅಂದು ತೆರೆದಿರುತ್ತದೆಯೇ ಎಂದು ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಮಕ್ಕಳನ್ನೂ ಕರೆದುಕೊಂಡು ಹೋಗಿ.