ಮೂರು ಚೆಂಡಿನ ಉಸಿರಾಟದ ಡಬ್ಬಿ: ಒಂದು ಸ್ಪಷ್ಟನೆ

ಶಸ್ತ್ರಚಿಕಿತ್ಸೆಯಾದವರಿಗೆ ಉಸಿರಾಟದ ವ್ಯಾಯಾಮಕ್ಕೆ ಕೊಡುವ ಡಬ್ಬಿ ಇದು; ನಳಿಕೆಯಿಂದ ಗಾಳಿ ಎಳೆದರೆ ಒಳಗಿನ ಚೆಂಡುಗಳು ಮೇಲೇರುತ್ತವೆ. "ಮೂರೂ ಚೆಂಡು ಮೇಲೆದ್ದರೆ ನಿಮ್ಮ ಶ್ವಾಸಕೋಶದ ಸಾಮರ್ಥ್ಯ 1200 ಮಿಲಿಲೀಟರ್, ಪರೀಕ್ಷೆ ಬೇಕಿಲ್ಲ" ಎಂಬ ಸಂದೇಶ ಹುಬ್ಬಳ್ಳಿ-ಧಾರವಾಡದ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಡಬ್ಬಿಯ ಮೇಲಿರುವ 600, 900, 1200 ಗಾಳಿ ಎಳೆಯುವ ವೇಗದ ಅಂಕಿಗಳು, ಸೆಕೆಂಡಿಗೆ ಇಷ್ಟು ಮಿಲಿಲೀಟರ್ ಎಂದು: ಒಂದು ಚೆಂಡು ಏರಲು 600, ಎರಡಕ್ಕೆ 900, ಮೂರಕ್ಕೆ 1200. ಒಂದೇ ಚೆಂಡನ್ನು 3 ಸೆಕೆಂಡು ಮೇಲೆ ನಿಲ್ಲಿಸಿದವರು ಸುಮಾರು 1800 ಮಿಲಿಲೀಟರ್ ಎಳೆದಿರುತ್ತಾರೆ. ಮೂರನ್ನೂ ಅರ್ಧ ಸೆಕೆಂಡು ಹಾರಿಸಿದವರು ಬರೀ 600 ಮಿಲಿಲೀಟರ್. ಡಬ್ಬಿ ವಾಲಿದ್ದರಂತೂ ಸಣ್ಣ ಎಳೆತಕ್ಕೇ ಚೆಂಡು ಏರುತ್ತದೆ. ಶಸ್ತ್ರಚಿಕಿತ್ಸೆಯಾದವರು ಈ ಸಂದೇಶ ನಂಬಿ ಜೋರಾಗಿ ಜಗ್ಗಿಬಿಡುತ್ತಾರೆ, ಅದೇ ನಮ್ಮ ಚಿಂತೆ. ಅವರಿಗೆ ಬೇಕಾದದ್ದು ನಿಧಾನದ, ದೀರ್ಘ ಎಳೆತ.

ಶ್ವಾಸಕೋಶದ ಅಳತೆಗೆ ಸ್ಪೈರೋಮೆಟ್ರಿ ಎಂಬ ಪರೀಕ್ಷೆ ಇದೆ: ಮೂಗಿಗೆ ಕ್ಲಿಪ್, ನಳಿಕೆಯ ಸುತ್ತ ತುಟಿ ಬಿಗಿ, ಪೂರ್ತಿ ಎಳೆದು ಪೂರ್ತಿ ಊದಬೇಕು. ತುಟಿಯಂಚಿನಲ್ಲಿ ಗಾಳಿ ಸೋರಿದರೆ ಅಂಕಿ ಕಡಿಮೆ ಬರುತ್ತದೆ. ಅದರಲ್ಲೂ ಸಿಗುವುದು ವೈಟಲ್ ಕೆಪಾಸಿಟಿ, ಅಂದರೆ ಪೂರ್ತಿ ಎಳೆದ ಮೇಲೆ ಊದಿ ಹೊರಹಾಕಲಾಗುವಷ್ಟು ಗಾಳಿಯ ಅಳತೆ ಮಾತ್ರ. ಎಷ್ಟೇ ಊದಿದರೂ ವಯಸ್ಕರಲ್ಲಿ ಸುಮಾರು 1.2 ಲೀಟರ್ ಗಾಳಿ ಒಳಗೇ ಉಳಿಯುತ್ತದೆ. ಅದನ್ನು ಅಳೆಯಲು ಹೀಲಿಯಂ ಬೆರೆಸುವ ವಿಧಾನವೋ ಮುಚ್ಚಿದ ಪೆಟ್ಟಿಗೆಯೊಳಗೆ ಕೂಡಿಸಿ ಮಾಡುವ ಪ್ಲೆಥಿಸ್ಮೋಗ್ರಫಿಯೋ ಬೇಕು.

ಆ ಸಂದೇಶವನ್ನು ದಯವಿಟ್ಟು ಮುಂದೆ ಕಳಿಸಬ್ಯಾಡ್ರಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನು ಹಾಕ್ರಿ.